ಸೆಂಟ್ರಿಂಗ್ ಲೆಕ್ಕ: ಕಂಪ್ಯೂಟರ್ ಕಾಲದ ಕಟ್ಟಡ ಕೆಲಸದ ಬಗ್ಗೆ ಒಂದು ಮಾತು

ಎಲ್ಲರಿಗೂ ನಮಸ್ಕಾರ. ಕಂಪ್ಯೂಟರ್ ಬಂದ ಮೇಲೆ ಸೆಂಟ್ರಿಂಗ್, ಅಂದರೆ ಕಾಂಕ್ರೀಟ್ ಸುರಿಯಲು ಕಟ್ಟುವ ತಾತ್ಕಾಲಿಕ ಆಸರೆ, ಹೇಗೆ ಬದಲಾಗಬಹುದು ಎಂದು ಒಂದು ಸಭೆಯಲ್ಲಿ ಪರದೆ ಮೇಲೆ ಚಿತ್ರ ತೋರಿಸಿ ಹೇಳಿದ್ದನ್ನು ಇಲ್ಲಿ ಮಾತಿನಲ್ಲೇ ಹೇಳಬೇಕಾಗಿದೆ, ಹಾಗಾಗಿ ಕೆಲವು ಕಡೆ ಬಿಡಿಸಿ ಬರೆದಿದ್ದೇನೆ. ಅಲ್ಲಿ ಸಿವಿಲ್ ಮತ್ತು ಆರ್ಕಿಟೆಕ್ಚರ್ ಓದುವ ಮಕ್ಕಳಿದ್ದರು, ಸೈಟ್ ನಡೆಸುವವರಿದ್ದರು, ಮನೆ ಕಟ್ಟಿಸಿ ಸುಸ್ತಾದವರೂ ಇದ್ದರು. ಮೂರೂ ಗುಂಪಿಗೆ ಒಟ್ಟಿಗೆ ಮಾತಾಡುವುದು ಅಷ್ಟು ಸುಲಭವಲ್ಲ.

ಹತ್ತಿರದಿಂದಲೇ ಶುರು ಮಾಡೋಣ. ಬೆಂಗಳೂರಿನ ಹಲಸೂರಿನ ಕೇಂಬ್ರಿಡ್ಜ್ ಲೇಔಟ್‌ನಲ್ಲಿ ಒಂದು ಪೋಸ್ಟ್ ಆಫೀಸ್ ಇದೆ. 2023ರ ಆಗಸ್ಟ್ 18ರಂದು ಉದ್ಘಾಟನೆ ಆಯಿತು. 1,021 ಚದರ ಅಡಿ. ಕಟ್ಟಿದ್ದು ಎಲ್ ಅಂಡ್ ಟಿ, ತಾಂತ್ರಿಕ ಮಾರ್ಗದರ್ಶನ ಐಐಟಿ ಮದ್ರಾಸ್‌ನದು. ದೇಶದ ಮೊದಲ 3ಡಿ ಪ್ರಿಂಟೆಡ್ ಅಂಚೆ ಕಚೇರಿ ಎಂದು ಪೇಪರ್, ಟಿವಿ ಎಲ್ಲದರಲ್ಲೂ ಬಂತು. 43 ದಿನದಲ್ಲಿ ಮುಗಿಯಿತು ಎಂಬುದೇ ಎಲ್ಲ ಕಡೆ ದಪ್ಪಕ್ಷರ. ಆ ಕಡೆ ಹೋದರೆ ಗೋಡೆ ನೋಡಿ. ಅಡ್ಡಡ್ಡ ಗೆರೆಗಳು, ಒಂದರ ಮೇಲೊಂದು ಪದರ. ಮೂಲೆಗಳು ಚೂಪಾಗಿಲ್ಲ, ದುಂಡಗೆ ತಿರುಗಿವೆ. ಯಂತ್ರದ ಮೂತಿ ಓಡಾಡಿದ ದಾರಿ ಅದು.

ಕೆಲಸ ಮಾಡುವ ರೀತಿ ಚಕ್ಕುಲಿ ಒತ್ತಿದ ಹಾಗೆ. ಹಿಟ್ಟು ಸಡಿಲವಾದರೆ ಸುತ್ತು ನಿಲ್ಲುವುದಿಲ್ಲ, ಗಟ್ಟಿಯಾದರೆ ಒರಳಿನಿಂದ ಹೊರಗೇ ಬರುವುದಿಲ್ಲ. ಪ್ರಿಂಟ್ ಮಾಡುವ ಕಾಂಕ್ರೀಟಿನದೂ ಇದೇ ಪಾಡು. ಪಂಪಿನಲ್ಲಿ, ಪೈಪಿನಲ್ಲಿ ಅದು ಸರಾಗವಾಗಿ ಹರಿಯಬೇಕು. ಮೂತಿಯಿಂದ ಹೊರಬಿದ್ದ ಕೂಡಲೇ ಗಟ್ಟಿಯಾಗಿ ಮೇಲಿನ ಪದರದ ಭಾರ ಹೊರಬೇಕು. ಒಂದು ಪದರ ಹಾಕಿ ಜಾಸ್ತಿ ಹೊತ್ತು ಬಿಟ್ಟರೆ ಮುಂದಿನ ಪದರ ಅದಕ್ಕೆ ಸರಿಯಾಗಿ ಬೆಸೆಯುವುದಿಲ್ಲ, ನಡುವೆ ದುರ್ಬಲ ಸಂದಿ ಉಳಿಯುತ್ತದೆ. ಅವಸರ ಮಾಡಿದರೆ ಕೆಳಗಿನ ಪದರ ಹಿಸುಕಿ ಗೋಡೆ ವಾಲುತ್ತದೆ. ಇವೆರಡರ ನಡುವಿನ ಹೊತ್ತನ್ನು ಹಿಡಿಯುವುದೇ ಇಲ್ಲಿನ ವಿದ್ಯೆ. ಅದು ಬಿಸಿಲು, ಗಾಳಿ, ಸಿಮೆಂಟಿನ ಗುಣ ನೋಡಿಕೊಂಡು ದಿನದಿನಕ್ಕೂ ಬದಲಾಗುತ್ತದೆ. ಗುಂಡಿ ಒತ್ತಿದರೆ ಮನೆ ಬರುತ್ತದೆ ಎಂದುಕೊಂಡವರು ಒಂದು ಮಧ್ಯಾಹ್ನ ಆ ಯಂತ್ರದ ಪಕ್ಕ ನಿಲ್ಲಬೇಕು.

ಇದು ಒಳ್ಳೆಯ ಕೆಲಸವೇ. ಮದ್ರಾಸ್ ಐಐಟಿಯಿಂದ ಹೊರಬಂದ ತ್ವಸ್ತಾ ಕಂಪನಿ 2021ರಲ್ಲಿ ಅಲ್ಲಿನ ಕ್ಯಾಂಪಸ್ಸಿನಲ್ಲಿ 600 ಚದರ ಅಡಿಯ ಮನೆ ಪ್ರಿಂಟ್ ಮಾಡಿ ತೋರಿಸಿತ್ತು. ಅದಕ್ಕೂ ಮೊದಲು, 1990ರ ದಶಕದಲ್ಲೇ, ಅಮೆರಿಕದ ಬೆಹ್ರೋಖ್ ಖೋಷ್ನೆವಿಸ್ ಈ ಪದರದ ವಿಧಾನದ ಮೇಲೆ ಕೆಲಸ ಶುರು ಮಾಡಿದ್ದರು. ಆದರೆ ನನ್ನ ತಕರಾರು ಬೇರೆ. ಪೋಸ್ಟ್ ಆಫೀಸಿಗೆ ಸುಮಾರು 23 ಲಕ್ಷ ಆಯಿತು ಎಂದು ಆಗ ವರದಿಯಾಗಿತ್ತು. ನೂರು ಚದರ ಅಡಿಗೆ ಒಂದು ಚದರ ಎಂಬ ಲೆಕ್ಕದಲ್ಲಿ ಹತ್ತು ಚದರದ ಕಟ್ಟಡ, ಅಂದರೆ ಚದರಕ್ಕೆ ಎರಡೂಕಾಲು ಲಕ್ಷ. ನಿಮ್ಮ ಬೀದಿಯ ಕಾಂಟ್ರ್ಯಾಕ್ಟರ್ ಹೇಳುವ ರೇಟಿಗಿಂತ ತೀರಾ ಕಡಿಮೆಯೇನಲ್ಲ. ಇನ್ನು ಮೂತಿಯಲ್ಲಿ ಸಿಕ್ಕಿಕೊಳ್ಳುತ್ತದೆ ಎಂದು ಇಂಥ ಮಿಶ್ರಣದಲ್ಲಿ ಸಾಮಾನ್ಯವಾಗಿ ದಪ್ಪ ಜಲ್ಲಿ ಹಾಕುವುದಿಲ್ಲ. ಜಲ್ಲಿ ಕಡಿಮೆಯಾದಷ್ಟೂ ಸಿಮೆಂಟ್ ಪಾಲು ಜಾಸ್ತಿ. ಜಗತ್ತಿನ ಇಂಗಾಲದ ಹೊಗೆಯಲ್ಲಿ ಶೇ 7ರಿಂದ 8ರಷ್ಟು ಸಿಮೆಂಟಿನದೇ ಎನ್ನುವಾಗ ಇದು ಸಣ್ಣ ವಿಷಯವಲ್ಲ. ಪದರದ ನಡುವೆ ನೆಟ್ಟಗೆ ಕಂಬಿ ನಿಲ್ಲಿಸುವುದೂ ತಲೆನೋವು.

ಮುಖ್ಯವಾಗಿ, ನೇರ ಗೋಡೆ ಕಟ್ಟುವುದು ನಮಗೆ ಸಮಸ್ಯೆಯೇ ಆಗಿರಲಿಲ್ಲ. ಒಬ್ಬ ಗಾರೆ ಮೇಸ್ತ್ರಿ, ಒಂದು ತೂಗುಗುಂಡು, ದಾರ, ರಸಮಟ್ಟ, ಇಬ್ಬರು ಸಹಾಯಕರು. ಸಾಕು. ಯಂತ್ರ ತಂದು ಅದನ್ನೇ ಮಾಡಿಸಿದರೆ ಸುದ್ದಿಯಾಗಬಹುದು. ಹೊಸತು ಎಲ್ಲಿದೆ? ಹೊಸತು ಇರುವುದು ದುಂಡಗಿನ ಮೂಲೆಯಲ್ಲಿ. ಯಂತ್ರಕ್ಕೆ ನೇರ ಗೋಡೆಯೂ ಒಂದೇ, ಬಾಗಿದ ಗೋಡೆಯೂ ಒಂದೇ. ಎರಡಕ್ಕೂ ಹೆಚ್ಚುಕಡಿಮೆ ಅಷ್ಟೇ ಹೊತ್ತು, ಅಷ್ಟೇ ಖರ್ಚು. ಇವತ್ತು ನಾನು ಹೇಳಬೇಕು ಎಂದು ಬಂದಿದ್ದು ಇಷ್ಟೇ: ಕಂಪ್ಯೂಟರ್ ಕಟ್ಟಡ ಕೆಲಸಕ್ಕೆ ತಂದ ನಿಜವಾದ ಬದಲಾವಣೆ ವೇಗ ಅಲ್ಲ. ಒಂದೊಂದನ್ನೂ ಬೇರೆ ಬೇರೆ ಆಕಾರದಲ್ಲಿ ಮಾಡುವುದಕ್ಕೆ ತಗಲುವ ದಂಡ ಕಡಿಮೆಯಾಗಿದೆ. ಅದರ ಲಾಭ ಗೋಡೆಯಲ್ಲಿ ಕಾಣುವುದಿಲ್ಲ, ನಮ್ಮ ತಲೆ ಮೇಲಿನ ಮೋಲ್ಡಿನಲ್ಲಿ, ಅಂದರೆ ಕಾಂಕ್ರೀಟ್ ಚಾವಣಿಯಲ್ಲಿ, ಕಾಣುತ್ತದೆ.

ಮೋಲ್ಡ್ ಹಾಕುವ ದಿನ ನೆನಪು ಮಾಡಿಕೊಳ್ಳಿ. ಬೆಳಿಗ್ಗೆ ಪೂಜೆ, ಮಿಕ್ಸರ್ ಸದ್ದು, ಬಾಂಡ್ಲಿ ಕೈಯಿಂದ ಕೈಗೆ. ಸಂಜೆಗೆ ಎಲ್ಲರಿಗೂ ಊಟ. ಫೋಟೋ ತೆಗೆಯುವುದು ಅವತ್ತೇ. ಆದರೆ ಅದಕ್ಕೆ ಮುಂಚಿನ ವಾರ ಯಾರೂ ಫೋಟೋ ತೆಗೆಯದ ಕೆಲಸವೊಂದು ನಡೆದಿರುತ್ತದೆ. ಕೆಳಗೆ ಸಾಲು ಸಾಲಾಗಿ ಸರ್ವೆ ಕಂಬ ಅಥವಾ ಕಬ್ಬಿಣದ ಜಾಕಿ. ಮೇಲೆ ಅಡ್ಡ ಮರ. ಅದರ ಮೇಲೆ ತಗಡಿನ ಶೀಟೋ ಪ್ಲೈವುಡ್ಡೋ. ಸಂದಿಗೆ ಟೇಪು, ಮೇಲೆ ಆಯಿಲ್. ಹೀಗೆ ಒಂದು ತಾತ್ಕಾಲಿಕ ಚಾವಣಿಯನ್ನೇ ಮೊದಲು ಕಟ್ಟಿ, ಅದರ ಮೇಲೆ ನಿಜವಾದ ಚಾವಣಿ ಸುರಿಯುತ್ತೇವೆ. ಎರಡು ಮೂರು ವಾರ ಬಿಟ್ಟು ಮೊದಲನೆಯದನ್ನು ಬಿಚ್ಚುತ್ತೇವೆ. ಸೆಂಟ್ರಿಂಗ್ ಅಂದರೆ ಒಮ್ಮೆ ಕಟ್ಟಿ ಬಿಚ್ಚಿಹಾಕುವ ಕಟ್ಟಡ. ಯುರೋಪಿನಂಥ ಕಡೆ, ಕೂಲಿ ದುಬಾರಿ ಇರುವಲ್ಲಿ, ಕಾಂಕ್ರೀಟ್ ರಚನೆಯ ಖರ್ಚಿನಲ್ಲಿ ಅರ್ಧದ ಹತ್ತಿರ ಇದಕ್ಕೇ ಹೋಗುತ್ತದೆ. ಆಕಾರ ಬಾಗಿದ್ದರೆ ಇನ್ನೂ ಜಾಸ್ತಿ.

ಈ ಶೀಟು ಚಪ್ಪಟೆ. ಅದಕ್ಕೇ ನಮ್ಮ ತಾರಸಿ ಚಪ್ಪಟೆ. ಇಲ್ಲಿಂದ ಅಲ್ಲಿಗೆ ಒಂದೇ ದಪ್ಪ, ಐದಿಂಚು ಇಲ್ಲವೇ ಆರಿಂಚು. ಈ ದಪ್ಪದಲ್ಲಿ ಎಷ್ಟು ನಿಜವಾಗಿ ಕೆಲಸ ಮಾಡುತ್ತಿದೆ? ಭಾರ ಬಿದ್ದಾಗ ಸ್ಲ್ಯಾಬ್ ನಡುವೆ ಒಂಚೂರು ಬಾಗುತ್ತದೆ. ಆಗ ಮೇಲ್ಭಾಗ ಒತ್ತಿಕೊಳ್ಳುತ್ತದೆ, ಕೆಳಭಾಗ ಎಳೆತಕ್ಕೆ ಸಿಗುತ್ತದೆ. ಕಾಂಕ್ರೀಟಿಗೆ ಒತ್ತಡ ತಡೆಯುವ ಶಕ್ತಿ ಚೆನ್ನಾಗಿದೆ, ಎಳೆತ ತಡೆಯುವುದು ಕಂಬಿ. ಹಾಗಾದರೆ ಕೆಳಗಡೆಯ ಕಾಂಕ್ರೀಟ್ ಏನು ಮಾಡುತ್ತಿದೆ? ಕಂಬಿಯನ್ನು ಹಿಡಿದುಕೊಂಡಿದೆ, ತುಕ್ಕು ಹಿಡಿಯದಂತೆ ಮುಚ್ಚಿಕೊಂಡಿದೆ. ಉಳಿದಿದ್ದು ಸುಮ್ನೆ ಭಾರ. ಆ ಭಾರ ಹೊರಲು ದಪ್ಪ ತೊಲೆ, ತೊಲೆ ಹೊರಲು ದಪ್ಪ ಕಂಬ, ಕಂಬಕ್ಕೆ ದೊಡ್ಡ ಪಾಯ.

ಇದು ಹೊಸ ತಿಳಿವೇನಲ್ಲ. ಆರ್ಕಿಟೆಕ್ಟ್ ಲಾರಿ ಬೇಕರ್ ಕೇರಳದಲ್ಲಿ ಜನಪ್ರಿಯ ಮಾಡಿದ ಫಿಲ್ಲರ್ ಸ್ಲ್ಯಾಬ್ ನಿಮಗೆ ಗೊತ್ತಿರುತ್ತದೆ. ಕೆಳಗಿನ ಸೋಮಾರಿ ಕಾಂಕ್ರೀಟಿನ ಜಾಗದಲ್ಲಿ ಮಂಗಳೂರು ಹೆಂಚು ಇಟ್ಟು ಮೇಲೆ ಕಾಂಕ್ರೀಟ್ ಹಾಕುವುದು. ಹೆಂಚು ಹಗುರ, ಅಗ್ಗ. 1865ರಲ್ಲಿ ಬಾಸೆಲ್ ಮಿಷನ್‌ನವರು ಮಂಗಳೂರಿನಲ್ಲಿ ಶುರು ಮಾಡಿದ ಕಾರ್ಖಾನೆಯಿಂದ ಬಂದ ವಸ್ತು ಹೀಗೊಂದು ಎರಡನೇ ಕೆಲಸಕ್ಕೆ ಬಂತು ನೋಡಿ. ಬೆಂಗಳೂರಿನಲ್ಲೂ ಇಂಥ ಮನೆಗಳಿವೆ. ಒಳಗಿನಿಂದ ತಲೆಯೆತ್ತಿದರೆ ಹೆಂಚಿನ ಸಾಲು ಕಾಣುತ್ತದೆ, ಬಂದವರೆಲ್ಲ ಚೆನ್ನಾಗಿದೆ ಎನ್ನುತ್ತಾರೆ. ಆದರೂ ಅಲ್ಲಿ ಸೆಂಟ್ರಿಂಗ್ ಶೀಟು ಚಪ್ಪಟೆಯೇ.

ಚಪ್ಪಟೆ ಬಿಟ್ಟು ಹೋದವರು ಹಿಂದೆ ಏನು ಮಾಡಿದರು? ಇಟಲಿಯ ಎಂಜಿನಿಯರ್ ಪಿಯೆರ್ ಲುಯಿಜಿ ನೆರ್ವಿ ರೋಮಿನ ಒಂದು ಉಣ್ಣೆ ಕಾರ್ಖಾನೆಗೆ ಬಲ ಹರಿಯುವ ದಾರಿಯಲ್ಲೇ ಬಾಗಿ ಸಾಗುವ ಪಟ್ಟಿಗಳ ಚಾವಣಿ ಮಾಡಿದರು. 1951ರ ಹೊತ್ತಿನ ಕೆಲಸ. ನೋಡಿದರೆ ಎಲೆಯ ನರಗಳು. ಆದರೆ ಗುಟ್ಟು ಇರುವುದು ಅಚ್ಚಿನಲ್ಲಿ. ಒಂದೇ ಅಚ್ಚನ್ನು ಅಂಕಣದಿಂದ ಅಂಕಣಕ್ಕೆ ಸರಿಸಿ ಸರಿಸಿ ಹಾಕಿದರು. ಮೆಕ್ಸಿಕೋದ ಆರ್ಕಿಟೆಕ್ಟ್ ಫೆಲಿಕ್ಸ್ ಕ್ಯಾಂಡೆಲಾ ಇನ್ನೂ ಚಾಲಾಕಿ. ಅವರು ಆರಿಸಿಕೊಂಡ ಬಾಗು ಎಂಥದ್ದೆಂದರೆ, ಅದರ ಮೇಲೆ ನೇರ ಗೆರೆಗಳು ಕೂರುತ್ತವೆ. ಅಂದರೆ ಬಾಗಿದ ಚಾವಣಿಗೆ ನೇರ ಹಲಗೆಯ ಸೆಂಟ್ರಿಂಗ್ ಸಾಕು. 1958ರಲ್ಲಿ ಸೋಚಿಮಿಲ್ಕೋದಲ್ಲಿ ಕಟ್ಟಿದ ಅವರ ಲೋಸ್ ಮನಾಂತಿಯಾಲೆಸ್ ರೆಸ್ಟೋರೆಂಟಿನ ಚಾವಣಿ ದಪ್ಪ ಎಷ್ಟು ಗೊತ್ತಾ? 4 ಸೆಂಟಿಮೀಟರ್. ನಮ್ಮ ಮನೆಯ ಸ್ಲ್ಯಾಬಿನ ಮೂರನೇ ಒಂದು ಭಾಗವೂ ಇಲ್ಲ.

ಇಬ್ಬರೂ ಪ್ರತಿಭಾವಂತರು. ಆದರೆ ಇಬ್ಬರೂ ಅಚ್ಚಿಗೆ ಒಗ್ಗುವ ಆಕಾರವನ್ನೇ ಹುಡುಕಬೇಕಾಯಿತು. ಅಚ್ಚಿನ ಲೆಕ್ಕ ಅಷ್ಟು ಗಟ್ಟಿ: ಒಂದೇ ಥರದ್ದು ನೂರು ಮಾಡಿದರೆ ಅಗ್ಗ, ನೂರು ಥರದ್ದು ಒಂದೊಂದು ಮಾಡಿದರೆ ದಿವಾಳಿ. ಮುಂದೆ ಕೂಲಿ ಏರಿತು, ಹಲಗೆ ಕೆಲಸ ದುಬಾರಿಯಾಯಿತು, ಇಂಥ ತೆಳು ಚಾವಣಿಗಳ ಕಾಲವೇ ಮುಗಿಯಿತು. ಕಾಂಕ್ರೀಟ್ ಉಳಿಸುವುದಕ್ಕಿಂತ ಕೂಲಿ ಉಳಿಸುವುದೇ ಲಾಭ ಎಂದಾಯಿತು.

ಈಗ ಸ್ವಿಟ್ಜರ್ಲೆಂಡಿಗೆ ಹೋಗೋಣ. ಜ್ಯೂರಿಕ್ ಪಕ್ಕದ ಡ್ಯೂಬೆಂಡಾರ್ಫ್‌ನಲ್ಲಿ ಇಟಿಎಚ್ ವಿಶ್ವವಿದ್ಯಾಲಯದವರು 2019ರಲ್ಲಿ ಡಿಫ್ಯಾಬ್ ಹೌಸ್ ಎಂಬ ಮೂರಂತಸ್ತಿನ ಮನೆ ತೆರೆದರು. ಅದರಲ್ಲಿ ಒಂದು ಚಾವಣಿ ಇದೆ, ಸ್ಮಾರ್ಟ್ ಸ್ಲ್ಯಾಬ್ ಅಂತ ಹೆಸರು. 80 ಚದರ ಮೀಟರ್ ಹರವು. ತೂಕ 15 ಟನ್, ಅದೇ ಅಳತೆಯ ಮಾಮೂಲಿ ಸ್ಲ್ಯಾಬಿನ ಅರ್ಧಕ್ಕಿಂತ ಕಡಿಮೆ. ತೀರಾ ತೆಳು ಇರುವ ಕಡೆ ಕಾಂಕ್ರೀಟ್ ದಪ್ಪ 2 ಸೆಂಟಿಮೀಟರ್. ಕೆಳಗಿನಿಂದ ನೋಡಿದರೆ ಮೂಳೆಯ ಒಳಭಾಗದಂತೆ ಪಟ್ಟಿ, ಗುಳಿ, ಮಡಿಕೆ. ಭಾರ ಹೆಚ್ಚಿರುವ ಕಡೆ ಪಟ್ಟಿ ದಪ್ಪ, ಇಲ್ಲದ ಕಡೆ ಸಣ್ಣ. ಒಂದು ಗುಳಿ ಇನ್ನೊಂದರಂತೆ ಇಲ್ಲ.

ಇಲ್ಲಿ ಕಾಂಕ್ರೀಟ್ ಪ್ರಿಂಟ್ ಮಾಡಲಿಲ್ಲ, ಅಚ್ಚು ಪ್ರಿಂಟ್ ಮಾಡಿದರು. ಅದೂ ಮರಳಿನಲ್ಲಿ. ಬೆಳಗಾವಿಯ ಫೌಂಡ್ರಿಗಳಲ್ಲಿ ಕೆಲಸ ಮಾಡಿದವರಿಗೆ ಇದು ಚಟ್ಟನೆ ಹೊಳೆಯುತ್ತದೆ. ಎರಕ ಹೊಯ್ಯಲು ಮೊದಲು ಮರದ್ದೋ ಲೋಹದ್ದೋ ಪ್ಯಾಟರ್ನ್ ಮಾಡಿಸಬೇಕು. ಅದರ ಸುತ್ತ ಮರಳು ಒತ್ತಿ ಅಚ್ಚು ತಯಾರಿಸಬೇಕು. ಪ್ಯಾಟರ್ನ್ ಮಾಡಿಸುವುದೇ ದೊಡ್ಡ ಖರ್ಚು. ಮರಳಿನ ಪ್ರಿಂಟರ್ ಈ ಪ್ಯಾಟರ್ನ್ ಹಂತವನ್ನೇ ಎತ್ತಿಹಾಕುತ್ತದೆ. ಒಂದು ತೆಳು ಪದರ ಮರಳು ಹರಡುತ್ತದೆ, ಬೇಕಾದ ಕಡೆ ಮಾತ್ರ ಅಂಟು ಸಿಂಪಡಿಸುತ್ತದೆ, ಮೇಲೆ ಇನ್ನೊಂದು ಪದರ. ಕೊನೆಗೆ ಅಂಟು ತಗುಲದ ಮರಳನ್ನು ತೆಗೆದರೆ ಅಚ್ಚು ಸಿದ್ಧ. ಫೌಂಡ್ರಿಗಾಗಿ ಹುಟ್ಟಿದ ಯಂತ್ರವನ್ನು ಇಟಿಎಚ್‌ನ ಬೆಂಜಮಿನ್ ಡಿಲೆನ್‌ಬರ್ಗರ್ ತಂಡ ಕಟ್ಟಡಕ್ಕೆ ತಂದಿತು. ಅಚ್ಚಿನ ಮೇಲೆ ಕಾಂಕ್ರೀಟ್ ಹಾಕಿ ಹನ್ನೊಂದು ತುಂಡು ಮಾಡಿದರು. ಆ ತುಂಡುಗಳನ್ನು ಜಾಗಕ್ಕೆ ತಂದು, ಒಳಗೆ ಉಕ್ಕಿನ ಹಗ್ಗ ಎಳೆದು ಬಿಗಿದು ಒಂದಾಗಿಸಿದರು.

ಇದರಲ್ಲಿ ನನಗೆ ಒಪ್ಪಿಗೆಯಾಗದ್ದೂ ಇದೆ. ಒಂದು ಸಲ ಬಳಸುವ ಅಚ್ಚಿಗೆ ಅಷ್ಟು ದೊಡ್ಡ ಯಂತ್ರ, ಅಷ್ಟು ಅಂಟು. ಪ್ರಯೋಗಕ್ಕೆ ಸರಿ, ಹೊಸಪೇಟೆಯಲ್ಲಿ ಮನೆ ಕಟ್ಟಲು ಆಗದು. ಅದೇ ಇಟಿಎಚ್‌ನಲ್ಲಿ ಇನ್ನೊಂದು ತಂಡ ಬೇರೆ ದಾರಿ ಹಿಡಿಯಿತು. ನನಗೆ ಹೆಚ್ಚು ಇಷ್ಟವಾದದ್ದು ಅದು.

ಫಿಲಿಪ್ ಬ್ಲಾಕ್ ಅವರ ಈ ಗುಂಪು ಕೇಳಿದ ಪ್ರಶ್ನೆ: ಚಾವಣಿ ಬಾಗುವುದನ್ನೇ ತಪ್ಪಿಸಿದರೆ ಎಳೆತ ಎಲ್ಲಿ ಉಳಿಯುತ್ತದೆ? ಕಮಾನು ಕಟ್ಟಿದವರಿಗೆಲ್ಲ ಇದರ ಉತ್ತರ ಗೊತ್ತಿತ್ತು. ವಿಜಯಪುರದ ಗೋಲಗುಮ್ಮಟದ ಒಳಗೆ ನಿಂತು ಮೇಲೆ ನೋಡಿ, ಒಂದನ್ನೊಂದು ಹಾದುಹೋಗುವ ಕಮಾನುಗಳು ಆ ಗುಮ್ಮಟದ ಭಾರವನ್ನು ಗೋಡೆಗೆ ಇಳಿಸುವ ರೀತಿ ಕಾಣುತ್ತದೆ. ಕಮಾನಿನ ಸರಿಯಾದ ಆಕಾರ ಕಂಡುಹಿಡಿಯಲು ಸುಲಭದ ಉಪಾಯವೊಂದನ್ನು ಇಂಗ್ಲೆಂಡಿನ ವಿಜ್ಞಾನಿ ರಾಬರ್ಟ್ ಹುಕ್ 1675ರಲ್ಲೇ ಹೇಳಿದ್ದರು. ಸರಪಳಿಯನ್ನು ಎರಡು ತುದಿ ಹಿಡಿದು ಇಳಿಬಿಡಿ. ಅದರೊಳಗೆ ಎಳೆತ ಮಾತ್ರ ಇದೆ. ಆ ಆಕಾರವನ್ನು ತಲೆಕೆಳಗು ಮಾಡಿದರೆ ಒತ್ತಡ ಮಾತ್ರ ಇರುವ ಕಮಾನು. ಸ್ಪೇನಿನ ಆರ್ಕಿಟೆಕ್ಟ್ ಗೌಡಿ ಬಾರ್ಸಿಲೋನಾ ಬಳಿಯ ಕೊಲೋನಿಯಾ ಗ್ವೆಲ್ ಚರ್ಚಿಗಾಗಿ ಹೀಗೆಯೇ ದಾರಗಳನ್ನು ಇಳಿಬಿಟ್ಟು, ಸೀಸದ ಗುಂಡು ತುಂಬಿದ ಸಣ್ಣ ಚೀಲ ಕಟ್ಟಿ, ವರ್ಷಗಟ್ಟಲೆ ಸರಿಮಾಡುತ್ತಾ ಕೂತರು. ಒಂದು ದಾರ ಎಳೆದರೆ ಉಳಿದ ಎಲ್ಲವೂ ಅಲುಗುತ್ತಿದ್ದವು. ಆ ಲೆಕ್ಕವನ್ನು ಈಗ ಲ್ಯಾಪ್‌ಟಾಪ್ ಕಣ್ಣೆದುರೇ ಮಾಡುತ್ತದೆ. ಬ್ಲಾಕ್ ತಂಡ ರೈನೋವಾಲ್ಟ್ ಎಂಬ ಸಾಫ್ಟ್‌ವೇರ್ ಮಾಡಿ ಉಚಿತವಾಗಿ ಬಿಟ್ಟಿತು.

2016ರಲ್ಲಿ ವೆನಿಸ್ ಬಿಯೆನಾಲೆ ಎಂಬ ವಾಸ್ತುಶಿಲ್ಪ ಪ್ರದರ್ಶನದಲ್ಲಿ ಅವರು ನಿಲ್ಲಿಸಿದ ಆರ್ಮಡಿಲೋ ವಾಲ್ಟ್ ಎಂಬ ಕಮಾನು ಚಾವಣಿಯನ್ನು ಸ್ವಲ್ಪ ಹತ್ತಿರದಿಂದ ನೋಡೋಣ. 399 ಸುಣ್ಣದ ಕಲ್ಲುಗಳು. ನಡುವೆ ಗಾರೆ ಇಲ್ಲ, ಅಂಟು ಇಲ್ಲ. ದಪ್ಪ ನಡುವಿನಲ್ಲಿ ಬರೀ 5 ಸೆಂಟಿಮೀಟರ್. ಎರಡು ಕಲ್ಲು ಒಂದೇ ಥರ ಇಲ್ಲ. ಕಲ್ಲು ಕತ್ತರಿಸಿದ್ದು ಅಮೆರಿಕದ ಟೆಕ್ಸಾಸ್‌ನಲ್ಲಿ. ಬಾಗಿದ ಮೈಯನ್ನು ಯಂತ್ರದಲ್ಲಿ ನಯವಾಗಿ ತೆಗೆಯಲು ತುಂಬಾ ಹೊತ್ತು ಬೇಕು. ಹಾಗಾಗಿ ಹೊರಮೈಯನ್ನು ಚಪ್ಪಟೆಯಾಗೇ ಬಿಟ್ಟರು. ಅದಕ್ಕೇ ದೂರದಿಂದ ಅದು ಆರ್ಮಡಿಲೋ ಪ್ರಾಣಿಯ ಚಿಪ್ಪಿನಂತೆ ಕಾಣುವುದು. ಒಳಮೈಗೆ ದುಂಡು ಗರಗಸದಿಂದ ಪಕ್ಕಪಕ್ಕ ಸೀಳು ಹಾಕಿದರು, ನಡುವೆ ಉಳಿದ ತೆಳು ಹಲ್ಲುಗಳನ್ನು ಸುತ್ತಿಗೆಯಲ್ಲಿ ಒಡೆದು ಉದುರಿಸಿದರು. ಗೆರೆಗಳು ಹಾಗೇ ಉಳಿದವು, ಅದೇ ಅಲಂಕಾರ. ಕರಾರುವಾಕ್ಕಾಗಿ ಕತ್ತರಿಸಿದ್ದು ಒಂದು ಕಲ್ಲು ಇನ್ನೊಂದಕ್ಕೆ ತಾಗುವ ಬದಿಗಳನ್ನು ಮಾತ್ರ. ಎಲ್ಲಿ ಅಳತೆ ತಪ್ಪಬಾರದು, ಎಲ್ಲಿ ಒರಟಾದರೂ ನಡೆಯುತ್ತದೆ ಎಂದು ತಿಳಿದಿರುವುದೇ ನನಗೆ ಇದರಲ್ಲಿ ದೊಡ್ಡದಾಗಿ ಕಂಡದ್ದು. ವೆನಿಸಿನ ಆ ಕಟ್ಟಡ ಹಳೆಯದು, ರಕ್ಷಿತ. ನೆಲಕ್ಕೆ ಮೊಳೆ ಹೊಡೆಯುವ ಹಾಗಿಲ್ಲ. ಕಮಾನು ಬದಿಗೆ ತಳ್ಳುವ ಬಲವನ್ನು ಪಾದಗಳ ನಡುವೆ ಕಟ್ಟಿದ ಉಕ್ಕಿನ ಪಟ್ಟಿಗಳು ಹಿಡಿದುಕೊಂಡವು.

ಆದರೂ ಸೆಂಟ್ರಿಂಗ್ ತಪ್ಪಲಿಲ್ಲ. ಕೊನೆಯ ಕಲ್ಲು ಕೂರುವವರೆಗೆ ಕೆಳಗೆ ಮರದ ಆಸರೆ ಬೇಕೇ ಬೇಕಾಯಿತು.

ಅದಕ್ಕೇ ಎರಡು ವರ್ಷದ ನಂತರದ ಕೆಲಸ ಇನ್ನೂ ರುಚಿಯಾಗಿದೆ. 2018, ಮೆಕ್ಸಿಕೋ ಸಿಟಿ. ಜಹಾ ಹದೀದ್ ಆರ್ಕಿಟೆಕ್ಟ್ಸ್ ಎಂಬ ಸಂಸ್ಥೆ ಜೊತೆ ಸೇರಿ ಬ್ಲಾಕ್ ತಂಡ ಮಾಡಿದ ತೆಳು ಕಾಂಕ್ರೀಟ್ ಚಿಪ್ಪು. ಕ್ಯಾಂಡೆಲಾಗೆ ಗೌರವವಾಗಿ ಹೆಸರು ನಿಟ್‌ಕ್ಯಾಂಡೆಲಾ. ಇಲ್ಲಿ ಸೆಂಟ್ರಿಂಗ್ ಶೀಟನ್ನು ನೂಲಿನಲ್ಲಿ ಹೆಣೆದರು! ಸ್ವೆಟರ್ ಹೆಣೆಯುವಂಥ ಕಾರ್ಖಾನೆಯ ಯಂತ್ರದಲ್ಲಿ 36 ಗಂಟೆಯಲ್ಲಿ ನಾಲ್ಕು ಉದ್ದ ಪಟ್ಟಿ. ಎರಡು ಪದರದ ಬಟ್ಟೆ, ಪದರಗಳ ನಡುವೆ ಹೆಣಿಗೆಯಲ್ಲೇ ಬಿಟ್ಟ ಜೇಬುಗಳು, ತಂತಿ ತೂರಿಸಲು ಹೆಣಿಗೆಯಲ್ಲೇ ಮಾಡಿದ ಕಾಲುವೆ. ಬಟ್ಟೆಯ ತೂಕ 25 ಕಿಲೋ. ಮಡಚಿ ಸೂಟ್‌ಕೇಸಿಗೆ ಹಾಕಿ ವಿಮಾನದಲ್ಲಿ ತಂದರು. ಚೌಕಟ್ಟಿಗೆ ಎಳೆದು ಕಟ್ಟಿ, ಜೇಬುಗಳೊಳಗೆ ಮಕ್ಕಳಾಡುವ ಉದ್ದ ಬಲೂನು ತೂರಿಸಿ ಊದಿದರು. ಬಟ್ಟೆ ಉಬ್ಬಿತು, ಕಾಂಕ್ರೀಟಿಗೆ ಬೇಕಾದ ಪಟ್ಟಿಗಳ ನಡುವಿನ ಗುಳಿಗಳು ತಯಾರಾದವು. ಮೇಲೆ ಮೊದಲು ಮಿಲಿಮೀಟರ್ ಲೆಕ್ಕದ ಸಿಮೆಂಟ್ ಲೇಪ. ಅದು ಬಿಗಿದ ಮೇಲೆ ನಾರು ಬೆರೆಸಿದ ಕಾಂಕ್ರೀಟನ್ನು ಕೈಯಲ್ಲೇ ಹಚ್ಚಿದರು. ತಂತಿ ಜಾಲವೂ ಸೇರಿ ಸುಮಾರು 55 ಕಿಲೋದ ಅಚ್ಚು 5 ಟನ್ ಕಾಂಕ್ರೀಟ್ ಹೊತ್ತಿತು.

ಇಲ್ಲಿ ರೋಬಾಟ್ ಇಲ್ಲ ಅನ್ನುವುದನ್ನು ಗಮನಿಸಿ. ಕಾಂಕ್ರೀಟ್ ಹಚ್ಚಿದ್ದು ಜನ, ಕರಣೆ ಹಿಡಿದ ಜನ. ಕಂಪ್ಯೂಟರ್ ಮಾಡಿದ್ದು ಒಂದೊಂದು ಹೊಲಿಗೆ ಎಲ್ಲಿರಬೇಕು ಎಂಬ ಲೆಕ್ಕ.

ಇದೇ ಮಾತು ಇಟ್ಟಿಗೆಗೂ ಹೊಂದುತ್ತದೆ. 2006ರಲ್ಲಿ ಸ್ವಿಟ್ಜರ್ಲೆಂಡಿನ ಫ್ಲೇಷ್ ಎಂಬ ಹಳ್ಳಿಯಲ್ಲಿ ಗಾಂಟೆನ್‌ಬೈನ್ ಎಂಬ ವೈನ್ ತಯಾರಿಕೆಯ ಕಟ್ಟಡಕ್ಕೆ ಫಾಬಿಯೋ ಗ್ರಮಾಜಿಯೋ, ಮಥಿಯಾಸ್ ಕೋಲರ್ ಎಂಬ ಆರ್ಕಿಟೆಕ್ಟರು ರೋಬಾಟ್ ತೋಳಿನಿಂದ ಇಟ್ಟಿಗೆ ಗೋಡೆ ಮಾಡಿದರು. 20,000 ಇಟ್ಟಿಗೆ, 72 ಭಾಗ. ಒಂದೊಂದು ಇಟ್ಟಿಗೆಯೂ ಒಂದೊಂದು ಕೋನಕ್ಕೆ ತಿರುಗಿದೆ. ಸಂದಿಯಿಂದ ಗಾಳಿ ಬೆಳಕು ಒಳಗೆ ಬರುತ್ತದೆ, ಹೊರಗಿನಿಂದ ದೂರ ನಿಂತರೆ ದೊಡ್ಡ ದ್ರಾಕ್ಷಿ ಹಣ್ಣುಗಳು ಕಾಣುತ್ತವೆ. ಬಹಳ ಚಂದ. ಆದರೆ ರೋಬಾಟ್ ಪ್ರಯೋಗಾಲಯದಲ್ಲೇ ಇತ್ತು, ಗೋಡೆ ಲಾರಿಯಲ್ಲಿ ಬಂತು.

ಅದೇ ಗುಂಪು ಮುಂದೆ ಗ್ರೀಸ್ ದೇಶದಲ್ಲಿ ಕಿತ್ರವ್ಸ್ ಎಂಬ ಇನ್ನೊಂದು ವೈನ್ ಕಟ್ಟಡಕ್ಕೆ 13 ಸಾವಿರಕ್ಕಿಂತ ಹೆಚ್ಚು ಇಟ್ಟಿಗೆಯ ಗೋಡೆ ಕಟ್ಟಿಸಿತು. ಈ ಸಲ ಕಟ್ಟಿದ್ದು ಊರಿನ ಮೇಸ್ತ್ರಿಗಳು. ಕ್ಯಾಮೆರಾ ಇಟ್ಟಿಗೆಯನ್ನು ನೋಡುತ್ತಿರುತ್ತದೆ. ಪಕ್ಕದ ಪರದೆ ಮೇಲೆ ಆ ಇಟ್ಟಿಗೆ ಎಷ್ಟು ಸರಿಯಬೇಕು, ಎಷ್ಟು ತಿರುಗಬೇಕು ಎಂದು ತೋರಿಸುತ್ತದೆ. ಮೇಸ್ತ್ರಿ ಗಾರೆ ಹಾಕಿ, ಇಟ್ಟಿಗೆ ಇಟ್ಟು, ತಟ್ಟಿ ಕೂರಿಸುತ್ತಾರೆ. ಕೈಯಲ್ಲಿ ಮಾಡಿದ ಇಟ್ಟಿಗೆ, ಅಳತೆ ಒಂದರಂತೆ ಒಂದಿಲ್ಲ. ಗಾರೆ ಕೂಡ ಒಂದೇ ಹದದಲ್ಲಿ ಇರುವುದಿಲ್ಲ. ಅದನ್ನೆಲ್ಲ ಸಂಭಾಳಿಸುವ ಬುದ್ಧಿ ರೋಬಾಟಿಗೆ ಕೊಡುವುದು ಕಷ್ಟ, ಮೇಸ್ತ್ರಿಯ ಬೆರಳಿಗೆ ಆಗಲೇ ಇದೆ. ಮೇಸ್ತ್ರಿಗೆ ಕಷ್ಟವಾಗುವುದು ಸಾವಿರಾರು ಬೇರೆ ಬೇರೆ ಕೋನ ನೆನಪಿಡುವುದು, ಅದನ್ನು ಕಂಪ್ಯೂಟರ್ ನೋಡಿಕೊಂಡಿತು. ನಮ್ಮಂಥ ಕಡೆಗೆ ಯಾವ ದಾರಿ ಸರಿ ಎಂದು ಕೇಳಿದರೆ ನಾನು ಗ್ರೀಸಿನ ಕಡೆಗೇ ಬೆರಳು ತೋರಿಸುತ್ತೇನೆ.

ಹಾಗೆ ನೋಡಿದರೆ ಯಂತ್ರಗಳು ನಮ್ಮ ಊರುಗಳಿಗೆ ಆಗಲೇ ಬಂದಿವೆ. ತಾಲ್ಲೂಕು ಪಟ್ಟಣಗಳಲ್ಲೂ 'ಸಿಎನ್‌ಸಿ ಕಟಿಂಗ್' ಎಂಬ ಬೋರ್ಡ್ ಕಾಣುತ್ತದೆ. ಒಳಗೆ ಹೋದರೆ ದೇವರ ಮನೆಯ ಬಾಗಿಲು ಕೆತ್ತುತ್ತಿರುತ್ತಾರೆ, ಗಂಟೆ ಕಟ್ಟುವ ಚೌಕ, ಗಣಪತಿ, ಲಕ್ಷ್ಮಿ. ಜಿಗಣಿ ಕಡೆಯ ಗ್ರಾನೈಟ್ ಘಟಕಗಳಲ್ಲೂ ಕಂಪ್ಯೂಟರ್ ಹೇಳಿದಂತೆ ಓಡುವ ಗರಗಸಗಳಿವೆ. ಆ ಬಾಗಿಲು ಕೆತ್ತುವ ಯಂತ್ರಕ್ಕೆ ಪ್ಲೈವುಡ್ ಹಾಕಿ ಇಪ್ಪತ್ತು ಬೇರೆ ಬೇರೆ ಬಾಗಿನ ಪಟ್ಟಿ ಕತ್ತರಿಸಿ ಎಂದರೆ ಅಂಗಡಿಯವರು ಹೆಚ್ಚೇನೂ ಕೇಳುವುದಿಲ್ಲ. ಶೀಟಿನ ಲೆಕ್ಕ, ಗಂಟೆಯ ಲೆಕ್ಕ, ಅಷ್ಟೇ. ಆ ಪಟ್ಟಿಗಳನ್ನು ನಿಲ್ಲಿಸಿ ಮೇಲೆ ತೆಳು ರೀಪು ಹೊಡೆದರೆ ಕಮಾನು ಚಾವಣಿಗೆ ಸೆಂಟ್ರಿಂಗ್.

ಹಾಗಾದರೆ ಯಾಕೆ ಆಗುತ್ತಿಲ್ಲ? ನನಗೆ ಕಾಣುವ ಕಾರಣ ತಂತ್ರಜ್ಞಾನದ್ದಲ್ಲ, ದುಡ್ಡಿನ ಲೆಕ್ಕದ್ದು. ನಮ್ಮಲ್ಲಿ ಒಪ್ಪಂದ ಚದರಕ್ಕೆ ಇಷ್ಟು ಅಂತ. ಸೆಂಟ್ರಿಂಗ್‌ನವರದ್ದು ಚದರಡಿ ರೇಟು, ಬಾಗಿದ ಮೋಲ್ಡ್ ಅಂದರೆ ಒಂದಕ್ಕೆರಡು ಹೇಳುತ್ತಾರೆ. ಅವರ ತಪ್ಪೇನಿಲ್ಲ, ಅಷ್ಟು ಕೆಲಸ ಇದೆ. ಎಂಜಿನಿಯರಿಗೆ ಕಾಂಕ್ರೀಟ್ ಉಳಿಸಿದ್ದಕ್ಕೆ ಬಹುಮಾನ ಇಲ್ಲ, ಬಿರುಕು ಬಿಟ್ಟರೆ ಬೈಗುಳ ಇದೆ. ಅದಕ್ಕೇ ಅರ್ಧ ಇಂಚು ಜಾಸ್ತಿಯೇ ಬರೆಯುತ್ತಾರೆ. ಆರ್ಕಿಟೆಕ್ಟ್ ಫೀಸು ಎಷ್ಟೋ ಕಡೆ ಒಟ್ಟು ಖರ್ಚಿನ ಇಂತಿಷ್ಟು ಪರ್ಸೆಂಟ್. ಖರ್ಚು ಇಳಿದರೆ ಫೀಸೂ ಇಳಿಯಿತು. ಉಳಿತಾಯ ಆದರೆ ಅದು ಯಾರ ಜೇಬಿಗೆ ಎಂದು ಗೊತ್ತಿಲ್ಲದ ಕಡೆ ಉಳಿಸುವವರು ಯಾರು ಹೇಳಿ? ಡ್ಯೂಬೆಂಡಾರ್ಫ್‌ನಲ್ಲೇ 2021ರಲ್ಲಿ ತೆರೆದ ಹೈಲೋ ಎಂಬ ಕಟ್ಟಡದ ಅಂತಸ್ತಿನ ಸ್ಲ್ಯಾಬಿನಲ್ಲಿ ಬ್ಲಾಕ್ ತಂಡ ಮಾಮೂಲಿಗಿಂತ ಶೇ 60ಕ್ಕೂ ಹೆಚ್ಚು ಕಾಂಕ್ರೀಟ್ ಉಳಿಸಿತು. ತೆಳುವಾದ ಕಮಾನು ಚಿಪ್ಪು, ಮೇಲೆ ಪಟ್ಟಿಗಳು, ತಳ್ಳುವ ಬಲ ಹಿಡಿಯಲು ಮೂಲೆಯಿಂದ ಮೂಲೆಗೆ ಉಕ್ಕಿನ ಸರಳು. ಇದನ್ನು ಇಲ್ಲಿ ಮಾಡಿದರೆ ಬಿಲ್ ಬರೆಯುವವರಿಗೆ ಯಾವ ಕಾಲಂನಲ್ಲಿ ಹಾಕಬೇಕು ಎಂದೇ ತಿಳಿಯುವುದಿಲ್ಲ.

ಮಾತು ಮುಗಿದ ಮೇಲೆ ಬಂದ ಪ್ರಶ್ನೆಗಳಲ್ಲಿ ಎರಡನ್ನು ಇಲ್ಲಿ ಸೇರಿಸುತ್ತೇನೆ.

ಸೈಟ್ ನಡೆಸುವವರೊಬ್ಬರು ಎದ್ದು, 'ಸಾರ್, ಕಂಬಿ ಇಲ್ಲದ ಕಲ್ಲಿನ ಚಾವಣಿ ಕೆಳಗೆ ನೀವು ಮಲಗ್ತೀರಾ?' ಎಂದರು. ಎಲ್ಲರೂ ನಕ್ಕರು. ಪ್ರಶ್ನೆ ಸರಿಯಾಗೇ ಇದೆ. ಒತ್ತಡದ ಆಕಾರ ಲೆಕ್ಕ ಹಾಕುವುದು ಒಂದು ಗೊತ್ತಾದ ಭಾರಕ್ಕೆ. ಭೂಮಿ ಅಡ್ಡಡ್ಡ ಅಲುಗಿದರೆ, ಒಂದು ಕಡೆ ಮಾತ್ರ ಭಾರ ಹೇರಿದರೆ, ಬಲದ ದಾರಿ ಕಮಾನಿನ ದಪ್ಪದಿಂದ ಹೊರಗೆ ಹೋಗಬಹುದು. ವೆನಿಸಿನದು ಪ್ರದರ್ಶನಕ್ಕೆ ನಿಲ್ಲಿಸಿದ್ದು. ವಾಸದ ಮನೆಗೆ ಪಟ್ಟಿಗಳು ಬೇಕು, ಬಿಗಿ ಸರಳು ಬೇಕು, ಸ್ವಲ್ಪ ಕಂಬಿಯೂ ಬೇಕು. ಹೈಲೋ ಥರದ್ದರ ಕೆಳಗೆ ನಾನು ಖಂಡಿತ ಮಲಗುತ್ತೇನೆ.

ಆರ್ಕಿಟೆಕ್ಚರ್ ಓದುವ ಹುಡುಗಿಯೊಬ್ಬಳು ಕೇಳಿದ್ದು, ಯಾವ ಸಾಫ್ಟ್‌ವೇರ್ ಕಲಿಯಬೇಕು ಅಂತ. ರೈನೋ ಮತ್ತು ಅದರೊಳಗಿನ ಗ್ರಾಸ್‌ಹಾಪರ್ ಹೆಚ್ಚು ಬಳಕೆಯಲ್ಲಿದೆ. ದುಡ್ಡಿಲ್ಲದಿದ್ದರೆ ಬ್ಲೆಂಡರ್ ಉಚಿತ. ಸ್ವಲ್ಪ ಪೈಥಾನ್ ಬಂದರೆ ಬ್ಲಾಕ್ ತಂಡದವರೇ ಬಿಟ್ಟಿರುವ ಕಂಪಾಸ್ ಇದೆ, ಅದೂ ಉಚಿತ. ಆದರೆ ಅದಕ್ಕೂ ಮೊದಲು ಹಾರ್ಡ್‌ವೇರ್ ಅಂಗಡಿಗೆ ಹೋಗಿ ಎರಡು ಮೀಟರ್ ಸಣ್ಣ ಸರಪಳಿ ತಗೊಳ್ಳಿ. ಗೋಡೆಗೆ ಎರಡು ಮೊಳೆ ಹೊಡೆದು ಇಳಿಬಿಡಿ, ಹಿಂದೆ ಕಾಗದ ಅಂಟಿಸಿ ಗೆರೆ ಎಳೆಯಿರಿ. ಕಾಗದ ತಲೆಕೆಳಗು ಮಾಡಿ, ಆ ಗೆರೆ ನಡುವೆ ಬರುವ ಹಾಗೆ ಎರಡಿಂಚು ದಪ್ಪದ ಕಮಾನು ಬರೆಯಿರಿ. ಅದನ್ನು ಹದಿನೈದು ತುಂಡು ಮಾಡಿ ಥರ್ಮಾಕೋಲಿನಲ್ಲೋ ಮರದಲ್ಲೋ ಕತ್ತರಿಸಿ, ಅಂಟು ಹಾಕದೆ ನಿಲ್ಲಿಸಿ ನೋಡಿ. ನಿಲ್ಲುತ್ತದೆ. ಆಮೇಲೆ ಒಂದು ಬದಿಗೆ ಮಾತ್ರ ಬೆರಳಿಂದ ಒತ್ತಿ, ಎಲ್ಲಿ ಬಾಯಿ ಬಿಡುತ್ತದೆ ನೋಡಿಕೊಳ್ಳಿ. ಕತ್ತರಿಸುವ ಮುಂಚೆ ತುಂಡುಗಳ ಮೇಲೆ ನಂಬರ್ ಬರೆದಿಟ್ಟುಕೊಳ್ಳಿ, ಇಲ್ಲದಿದ್ದರೆ ಆಮೇಲೆ ಯಾವುದು ಎಲ್ಲಿಯದು ಅಂತ ಹುಡುಕುತ್ತಾ ಕೂರಬೇಕಾಗುತ್ತದೆ.